ಕೂಸು ನನ್ನದಲ್ಲ ಎಂದ ದಿನಗಳು

ನನ್ನ ಮೈಯಲ್ಲಿ ಗಾಳಿ ಹೊಕ್ಕಿತ್ತು ಎಂದು ಈಗಲೂ ನಮ್ಮ ಬಳಗದಲ್ಲಿ ಕೆಲವರು ಪಿಸುಗುಡುತ್ತಾರೆ. ಗಾಳಿಯೂ ಇಲ್ಲ, ದೆವ್ವವೂ ಇಲ್ಲ. ನನಗೆ ಬಂದಿದ್ದು ಬಾಣಂತಿ ಸನ್ನಿ. ಅನುಭವಿಸಿದವಳು ನಾನು, ಹೇಳುವ ಹಕ್ಕೂ ನನ್ನದೇ.

ಎರಡನೇ ಮಹಾಯುದ್ಧ ಮುಗಿದಿತ್ತು, ಸೀಮೆಎಣ್ಣೆ ಮಾತ್ರ ಇನ್ನೂ ಸರಿಯಾಗಿ ಸಿಗುತ್ತಿರಲಿಲ್ಲ. ಚೊಚ್ಚಲ ಹೆರಿಗೆಗೆಂದು ಮಾನ್ವಿಯ ಗಂಡನ ಮನೆಯಿಂದ ದೇವದುರ್ಗದ ತವರಿಗೆ ಬಂದಿದ್ದೆ. ಹೆರಿಗೆ ಸಲೀಸಾಗಿ ಆಯಿತು. ಗಂಡು ಕೂಸು. ಆದರೆ ಹೆತ್ತ ಮರುದಿನದಿಂದಲೇ ನನ್ನ ನಿದ್ದೆ ಹಾರಿಹೋಯಿತು. ಹೊರಸಿನ ಕೆಳಗೆ ಕೆಂಡ, ತಲೆಗೆ ಬಿಗಿದ ಬಟ್ಟೆ, ಲೋಬಾನದ ಹೊಗೆ, ನೀರು ಕೇಳಿದರೆ ಒಂದು ಗುಟುಕು ಬಿಸಿನೀರು. ಮೈ ದಣಿದು ಸಾಯುತ್ತಿತ್ತು, ತಲೆ ಮಾತ್ರ ಹಗ್ಗ ಕಿತ್ತುಕೊಂಡ ಹೋರಿ. ಮೊದಮೊದಲು ಭಾರಿ ಖುಷಿಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಜಗತ್ತೆಲ್ಲ ನನಗೊಬ್ಬಳಿಗೇ ಅರ್ಥವಾಗುತ್ತಿದೆ ಅನ್ನಿಸಿತ್ತು. ಬಾಯಿ ನಿಲ್ಲುತ್ತಿರಲಿಲ್ಲ.

“ಎಷ್ಟ ಮಾತಾಡ್ತಿ ಬೇ, ಬಾಣಂತಿ ಹಿಂಗ ವಟವಟ ಅನಬಾರದು,” ಎಂದು ಅವ್ವ ನಗುತ್ತಲೇ ಗದರುತ್ತಿದ್ದಳು.

ಆಮೇಲೆ ಒಂದು ಮುಂಜಾನೆ, ಎರೆದು ತಂದ ಕೂಸಿನ ಮುಖ ನೋಡಿದೆ. ದೃಷ್ಟಿಬೊಟ್ಟು ಬಲಗೆನ್ನೆಯ ಮೇಲಿತ್ತು. ನಿನ್ನೆ ಎಡಗೆನ್ನೆಯ ಮೇಲಿತ್ತಲ್ಲ! ಅವ್ವ ಕಾಡಿಗೆಯ ಬೆರಳನ್ನು ಕೈಗೆ ಸಿಕ್ಕ ಕಡೆ ಒತ್ತುತ್ತಿದ್ದಳು, ಇದ್ದದ್ದು ಅಷ್ಟೇ. ಆದರೆ ನನ್ನ ತಲೆ ಅದನ್ನು ಒಪ್ಪಬೇಕಲ್ಲ?

“ಇದು ನನ್ನ ಕೂಸಲ್ಲ. ಬದಲಿ ಮಾಡ್ಯಾರ,” ಅಂದೆ.

ಕಣ್ಣು ಅವೇ, ಮೂಗು ಅದೇ, ಕಿವಿಯ ಮೇಲಿನ ಸಣ್ಣ ಕೂದಲೂ ಅವೇ. ಎಲ್ಲ ಗುರುತೂ ಸಿಗುತ್ತಿತ್ತು, ನನ್ನದು ಎಂಬ ಭಾವನೆ ಮಾತ್ರ ಏಳುತ್ತಿರಲಿಲ್ಲ. ಅದನ್ನು ಎಬ್ಬಿಸುವುದೂ ಮೆದುಳಿನದೇ ಕೆಲಸ, ಅದೂ ಕಾಲಿನ ಹಾಗೆ ಉಳುಕಬಹುದು ಎಂದು ಆಗ ಯಾರಿಗೆ ಗೊತ್ತಿತ್ತು! ತಲೆ ಕೆಟ್ಟವರು ಅನುಮಾನದಲ್ಲಿ ಒದ್ದಾಡುತ್ತಾರೆ ಎಂದು ಜನ ತಿಳಿದಿದ್ದಾರೆ. ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅದೇ ಹೊತ್ತಿಗೆ ಅಂಗಳದ ಹಗೇವು ತೆರೆದಿದ್ದರು. ನೆಲದಲ್ಲಿ ಆಳಕ್ಕೆ ತೋಡಿ ಜೋಳ ತುಂಬಿಡುವ ಹಗೇವಿನೊಳಗೆ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಳಗಿನ ಕೆಟ್ಟ ಝಳ ಹೊರಹೋಗುವ ಮೊದಲೇ ಇಳಿದವನು ಉಸಿರುಕಟ್ಟಿ ಅಲ್ಲೇ ಬೀಳುತ್ತಾನೆ. ಅದರ ಬಾಯಿ ತೆರೆದಿಟ್ಟು ಗಂಡಸರು ಹೊಲಕ್ಕೆ ಹೋಗಿದ್ದರು. ನನ್ನ ನಿಜವಾದ ಕೂಸನ್ನು ಅದರೊಳಗೇ ಬಚ್ಚಿಟ್ಟಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮಟಮಟ ಮಧ್ಯಾಹ್ನ, ಅವ್ವ ರೊಟ್ಟಿ ಬಡಿಯುತ್ತಿದ್ದಳು. ತೊಟ್ಟಿಲಿನ ಕೂಸನ್ನು ಎತ್ತಿಕೊಂಡು ಹೊರಬಂದೆ. ಇದನ್ನು ಕೆಳಗೆ ಇಟ್ಟು ಅದನ್ನು ತರಬೇಕು, ಅಷ್ಟೇ.

ಹಗೇವಿನ ಬಾಯಿಗೆ ಒಂದು ಕಾಲು ಇಳಿಬಿಟ್ಟು ಕೂತಿದ್ದೆ. ಬಡಿಯುವ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಅವಳು ಚೀರಿದ್ದರೆ ನಾನು ಜಿಗಿದುಬಿಡುತ್ತಿದ್ದೆ. ಕೂಸು ಬಿಸಿಲಿಗೆ ಕಿರುಚತೊಡಗಿತು.

“ಯಾರ ಕೂಸರ ಆಗಲಿ ಯವ್ವಾ, ಹಸಿದು ಅಳಾಕತ್ತದ,” ಎಂದಳು ಅವ್ವ, ಸಂತೆಗೆ ಹೊರಟವಳಷ್ಟು ಸಹಜವಾಗಿ. “ಒಂದೀಟು ಕುಡಿಸು. ಆಮ್ಯಾಲ ಇಳಿಯುವಂತಿ.”

ಅಷ್ಟರಲ್ಲಿ ನನ್ನ ಕುಪ್ಪಸ ತೊಯ್ದಿತ್ತು. ಅಳು ಕಿವಿಗೆ ಬಿದ್ದದ್ದೇ ತಡ, ಎದೆಹಾಲು ತಾನಾಗಿ ಇಳಿದು ಸೀರೆಗೆ ಹರಿದಿತ್ತು. ನನ್ನದಲ್ಲ, ನನ್ನದಲ್ಲ ಎಂದು ಒಂದೇ ಸಮನೆ ಕೂಗುತ್ತಿದ್ದ ಅದೇ ತಲೆಯ ಇನ್ನೊಂದು ಮೂಲೆ ನನ್ನನ್ನು ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತ್ತು. ಸಿಟ್ಟು ಬಂತು ನನಗೆ, ನನ್ನ ಮೈಯ ಮೇಲೇ ಸಿಟ್ಟು! ಆದರೂ ಕಾಲು ಎಳೆದುಕೊಂಡು ಕೂಸಿಗೆ ಎದೆ ಕೊಟ್ಟೆ. ಅವ್ವ ಹಿಂದಿನಿಂದ ಬಂದು ಎರಡೂ ಕೈಯಿಂದ ನನ್ನ ಸೊಂಟ ಬಿಗಿದು ಹಿಡಿದಳು. ಕೂಸು ಕುಡಿದು ಮುಗಿಸಿದರೂ ಬಿಡಲಿಲ್ಲ.

ಸುದ್ದಿ ಮಾನ್ವಿಗೆ ಮುಟ್ಟಿತು, ಅತ್ತೆ ಬಂದರು. ನನ್ನ ಕಡೆ ಕಣ್ಣೆತ್ತಿಯೂ ನೋಡದೆ ಕೂಸನ್ನು ಎದೆಗೆ ಅವುಚಿಕೊಂಡರು.

“ಇದನ್ನ ನಾ ಒಯ್ತೀನಿ. ಇಕಿ ಕೈಗೆ ಇನ್ನ ಕೊಡೂದಿಲ್ಲ.”

“ಒಯ್ದರ ಹಾಲು ಯಾರು ಕೊಡ್ತಾರ್ರೀ?” ಎಂದಳು ಅವ್ವ. “ರಾಯಚೂರ ದವಾಖಾನಿಗೆ ಹೋಗೂನು. ನೀವೂ ಬರ್ರಿ. ಡಾಕ್ಟರಮ್ಮ ಹೇಳಿದಂಗ ಮಾಡೂನು.”

“ಹೂಂ. ನೆಟ್ಟಗಾಗಲಿಲ್ಲಂದ್ರ ಕೂಸು ನಂದು.”

ನನ್ನ ಎದುರಿಗೇ ಮಾತು ಮುಗಿಸಿದರು. ಗಬ್ಬೂರಿನ ಮೇಲೆ ರಾಯಚೂರಿಗೆ ಹೋಗುವ ದಾರಿಯುದ್ದಕ್ಕೂ ನನ್ನ ಕೈಗಳನ್ನು ಸೀರೆಯ ಸೆರಗಿನಿಂದ ಬಂಡಿಗೆ ಕಟ್ಟಿದ್ದರು. ಕುಡಿಸಲೆಂದು ಬಿಚ್ಚಿದಾಗಲೂ ಅತ್ತೆ ಕೂಸಿನ ಕಾಲು ಬಿಡಲಿಲ್ಲ. ಬಾಯಿಗೆ ಬಂದಂತೆ ಬೈದೆ ಅವರನ್ನು.

ಡಾಕ್ಟರಮ್ಮ ಗಾಳಿಯ ಸುದ್ದಿ ಎತ್ತಲೇ ಇಲ್ಲ. “ನಿದ್ದಿ ಯಾವಾಗ ಮಾಡಿದಿ?” ಎಂದು ಕೇಳಿದರು. ನೆನಪಾಗಲಿಲ್ಲ. ಹಿರಿಯರ ಕಡೆ ತಿರುಗಿ ಹೇಳಿದರು: “ಹೊಟ್ಟಿಗೆ ಬ್ಯಾನಿ ಬರೋ ಹಂಗ ಮೆದುಳಿಗೂ ಬರ್ತದ. ಹೆತ್ತ ಮ್ಯಾಲ ಮೈಯೆಲ್ಲ ಬದಲಾಗ್ತದ, ಕೆಲವರಿಗೆ ಅದು ತಲಿಗೆ ಹೊಡೀತದ. ನಿದ್ದಿ ಇಲ್ಲಂದ್ರ ಇನ್ನೂ ಹೆಚ್ಚಾಗ್ತದ. ಮೊದಲ ಇಕಿ ಮಲಗಬೇಕು.”

“ನೆಟ್ಟಗಾಗ್ತಾಳೇನ್ರಿ?” ಅತ್ತೆ ಕೇಳಿದರು.

“ಭಾಳ ಮಂದಿ ಆಗ್ತಾರ. ಇಕಿ ಆಗ್ತಾಳ ಅಂತ ಇವತ್ತ ಹೇಳಾಕ ಬರೂದಿಲ್ಲ.”

ದವಾಖಾನೆಯಲ್ಲೇ ಇರಿಸಿಕೊಂಡು ಕಹಿ ಔಷಧ ಕುಡಿಸಿದರು. ಮಲಗಿದೆ, ಎದ್ದೆ, ಮತ್ತೆ ಮಲಗಿದೆ. ಆ ದಿನಗಳಲ್ಲಿ ಅತ್ತೆ ಬಟ್ಟೆಯ ಬತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಕೂಸಿಗೆ ಚೀಪಿಸಿದರಂತೆ. ಸನ್ನಿ ಒಮ್ಮೆಗೇ ಇಳಿಯಲಿಲ್ಲ. ಎಚ್ಚರವಾದಾಗೆಲ್ಲ ಬದಲಿ ಕೂಸು ಎಂದೇ ಕೂಗಾಡಿದೆ. ಅವ್ವ ಸೊರಗಿ ಅರ್ಧವಾದಳು.

ಒಂದು ಮುಂಜಾನೆ ಕಣ್ಣು ತೆರೆದಾಗ ಅತ್ತೆಯ ತೊಡೆಯ ಮೇಲೆ ಕೂಸು ಆಕಳಿಸುತ್ತಿತ್ತು. ಅಯ್ಯ, ನನ್ನ ಕೂಸು ಎಷ್ಟು ಬಡವಾಗಿದೆ ಅಂದುಕೊಂಡೆ. ಅಂದುಕೊಂಡ ಮೇಲೇ ನಾನು ಏನಂದುಕೊಂಡೆ ಎಂಬುದು ಹೊಳೆದದ್ದು. ಕೈ ಚಾಚಿದೆ.

ಅತ್ತೆ ಕೊಡಲಿಲ್ಲ. ಹಿಂದಕ್ಕೆ ಸರಿದು ಕೂತರು. ಅವ್ವ ನೀರಿಗೆ ಹೋಗಿದ್ದಳು, ನಾವಿಬ್ಬರೇ.

“ನನ್ನ ಕೂಸು ನನಗ ಕೊಡ್ರಿ ಅತ್ತಿ.”

ಕೂಸಿನ ಕಾಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಆಮೇಲೆ ನೆಲ ನೋಡುತ್ತ ಹೇಳಿದರು: “ನನಗ ಮೊದಲನೇದು ಹೆಣ್ಣಾಗಿತ್ತು. ಜ್ವರ ಬಂದು ಹೋತು ಅಂತ ಊರಿಗೆ ಹೇಳ್ಯಾರ. ಜ್ವರ ಅಲ್ಲ. ಅದು ನನ್ನದಲ್ಲ ಅನ್ನಿಸಿತ್ತು. ಬಾವಿಗೆ ಹಾಕಿದೆ.”

ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡೆ.

“ಡಾಕ್ಟರಮ್ಮ ಹೇಳಿದ್ದು ಖರೇನಾ?” ಈಗ ನನ್ನ ಮುಖ ನೋಡಿ ಕೇಳಿದರು. “ನಿನಗ ಗೊತ್ತಿರತದ, ನೀ ಅದರೊಳಗ ಹೋಗಿ ಬಂದೀದಿ. ಅದು ಬರೇ ಬ್ಯಾನಿ ಏನು? ಪಾಪ ಅಲ್ಲ?”

“ಬ್ಯಾನಿ, ಅತ್ತಿ. ಪಾಪ ಅಲ್ಲ.”

ಕೂಸನ್ನು ನನ್ನ ಮಡಿಲಿಗೆ ಹಾಕಿದರು. ಅದರ ಕಾಲು ಬಿಟ್ಟರು. ನನ್ನನ್ನು ಅದರ ಜೊತೆ ಒಬ್ಬಳನ್ನೇ ಬಿಟ್ಟು, ಎದ್ದು ಹೊರಗೆ ಹೋದರು.