ರಿವಾಲ್ವರ್ ರಿಪೇರಿಯಾಗಿ ಬಂತು

ಕಾಕಾನ ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಸದಾ ಸುತ್ತುತ್ತಲೇ ಇರುತ್ತಿತ್ತು, ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುವವರ ಹಾಗೆ. ಕೈಯಲ್ಲಿ ತಂಬಾಕೂ ಇಲ್ಲ, ಸುಣ್ಣವೂ ಇಲ್ಲ. ಕಾಕಾ ತಂಬಾಕು ಬಿಟ್ಟು ವರ್ಷಗಳೇ ಆಗಿದ್ದವು. ಕೇಳಿದರೆ, "ನಾ ತಂಬಾಕ ಬಿಟ್ಟೆ, ಅದು ನನ್ನ ಕೈ ಬಿಡವಲ್ದು" ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ದಾಂಡೇಲಿಯ ಅಂಬೇವಾಡಿಯ ನಮ್ಮ ಓಣಿಯಲ್ಲಿ ಅರ್ಧ ಗಂಡಸರ ಕೈ ಹಾಗೇ ಆಡುತ್ತಿರುತ್ತದೆ. ಅದರಲ್ಲಿ ವಿಶೇಷವೇನೂ ಯಾರಿಗೂ ಕಾಣಲಿಲ್ಲ.

ಕಾಕಾ ಎಂದರೆ ಸ್ವಂತ ಕಾಕಾ ಅಲ್ಲ, ಪಕ್ಕದ ಮನೆಯವರು. ಹುಟ್ಟೂರು ಮುಂಡಗೋಡ ಕಡೆಯ ಇಂದೂರ. ಸೈನ್ಯದಿಂದ ನಿವೃತ್ತರಾಗಿ ದಾಂಡೇಲಿಗೆ ಬಂದು, ಎಟಿಎಂಗಳಿಗೆ ದುಡ್ಡು ತುಂಬುವ ಗಾಡಿಯಲ್ಲಿ ಗನ್‌ಮ್ಯಾನ್ ಆಗಿದ್ದರು. ಒಂದು ದಿನ ಹಳಿಯಾಳ, ಒಂದು ದಿನ ಜೋಯಿಡಾ, ಇನ್ನೊಂದು ದಿನ ಮುಂಡಗೋಡ. ಆ ಕೆಲಸಕ್ಕೆ ಸ್ವಂತ ಲೈಸೆನ್ಸಿನ ಆಯುಧ ಬೇಕು. ಉಳಿದವರೆಲ್ಲ ಜೋಡುನಳಿಗೆ ಬಂದೂಕಿನವರು, ಕಾಕಾ ಒಬ್ಬರೇ ರಿವಾಲ್ವರಿನವರು. ಅದು ಇದ್ದರೆ ಗನ್‌ಮ್ಯಾನ್, ಇಲ್ಲದಿದ್ದರೆ ಯಾವುದೋ ಗೇಟಿನ ಮುಂದೆ ಕೋಲು ಹಿಡಿದು ಕೂರುವ ವಾಚ್‌ಮನ್. ಈ ಮಾತನ್ನು ಅವರೇ ಹೇಳುತ್ತಿದ್ದರು. ಕೋಲಿನವರೆಂದರೆ ಅವರಿಗೆ ಅಷ್ಟಕ್ಕಷ್ಟೇ.

ಮಕ್ಕಳಿರಲಿಲ್ಲ. ಮನೆಯಲ್ಲಿ ಕಾಕಾ, ಅವರ ಹೆಂಡತಿ ಕಾಕು, ಮತ್ತು ಆ ರಿವಾಲ್ವರ್. ಭಾನುವಾರ ಪಡಸಾಲೆಯಲ್ಲಿ ಹಳೇ ಪೇಪರು ಹಾಸಿ ಮೊದಲು ಬೂಟಿಗೆ ಪಾಲಿಶ್, ಆಮೇಲೆ ಕೈ ತೊಳೆದು ಅದಕ್ಕೆ ಎಣ್ಣೆ. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಕಾಕು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದರೆ ವರ್ಷವೂ ಅದೇ ಜಗಳ. "ಕುಂಕುಮ ಅದರ ಚೀಲಕ್ಕ ಹಚ್ಚು, ಅದಕ್ಕ ಹಚ್ಚಬ್ಯಾಡ. ದೇವರಿಗೆ ತಿಳೀತೈತಿ."

ನಾನು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ತೆರೆದಾಗ ನಮ್ಮ ಮನೆಯಲ್ಲಿ ಯಾರಿಗೂ ಇಷ್ಟವಿರಲಿಲ್ಲ. ಸಂಜೆಯಾದರೆ ನಾಲ್ಕು ಜನ ಉಡಾಳರು ಎದುರಿನ ಕಟ್ಟೆಯ ಮೇಲೆ ಕೂತು ನನ್ನ ಹೆಸರು ಹಿಡಿದು ಕೂಗುವುದು, ನಗುವುದು. ಅಣ್ಣಂದಿರಿಗೆ ಹೇಳಿದರೆ ಅಂಗಡಿ ಮುಚ್ಚು ಎನ್ನುತ್ತಿದ್ದರು. ಕಾಕಾನಿಗೆ ನಾನೇನೂ ಹೇಳಿರಲಿಲ್ಲ. ಒಂದು ಸಂಜೆ ಕೆಲಸದಿಂದ ಸಮವಸ್ತ್ರದಲ್ಲೇ ಬಂದವರು ಒಳಗಿನ ಸ್ಟೂಲನ್ನು ಎಳೆದು ಬಾಗಿಲ ಮುಂದೆ ಹಾಕಿಕೊಂಡರು.

"ನಾ ಇಲ್ಲೇ ಕುಂತು ಚಾ ಕುಡೀತೇನಿ ತಂಗೀ. ನೀ ನಿನ್ನ ಕೆಲಸಾ ನೋಡು."

ಅಷ್ಟೇ. ಕಟ್ಟೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬಶಿಗೆ ಚಹಾ ಸುರಿದುಕೊಂಡು ಸೊರ್ ಎಂದು ಹೀರಿದರು. ಅಂದಿನಿಂದ ನಾನು ಶಟರ್ ಇಳಿಸುವವರೆಗೆ ಅಲ್ಲಿ ಕೂರುವುದು ಅವರ ಪದ್ಧತಿಯಾಯಿತು, ಕಟ್ಟೆ ತಾನಾಗಿ ಖಾಲಿಯಾಯಿತು. "ಒಮ್ಮೆರೆ ಅದನ್ನ ತಗದು ತೋರಸ್ರಿ ಕಾಕಾ" ಎಂದು ನಾನು ರೇಗಿಸಿದರೆ ಸೊಂಟದ ಚೀಲ ತಟ್ಟಿ, "ಇದು ತೋರ್ಸೂ ಸಾಮಾನಲ್ಲವ್ವಾ. ಇದ್ರಾತು" ಎನ್ನುತ್ತಿದ್ದರು. ನನ್ನ ಅಂಗಡಿ ಇಷ್ಟು ವರ್ಷ ನಡೆದದ್ದು ಆ ಸ್ಟೂಲಿನ ಬಲದಿಂದ.

ಚಹಾ ಅವರ ಅಂಗಿಯ ಮೇಲೆ ಚೆಲ್ಲತೊಡಗಿದ್ದು ಯಾವಾಗ ಎಂದು ನೆನಪಿಲ್ಲ. ಒಂದು ದಿನ ಬಶಿ ಬೇಡ, ಗ್ಲಾಸಿನಲ್ಲೇ ಕೊಡು ಎಂದರು. ಆಮೇಲೆ ಅರ್ಧ ಗ್ಲಾಸೇ ಸಾಕು ಎಂದರು. ವಯಸ್ಸು ಎಂದುಕೊಂಡೆ.

ಆಮೇಲೆ ಜೋಯಿಡಾದಲ್ಲಿ ಅದು ನಡೆಯಿತು. ದುಡ್ಡಿನ ಪೆಟ್ಟಿಗೆ ಗಾಡಿಯಿಂದ ಇಳಿಯುವಾಗ ಕಾಕಾ ರಿವಾಲ್ವರ್ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಲ್ಲಬೇಕು. ಅದು ಕೈಜಾರಿ ಎಟಿಎಂನ ಕಲ್ಲಿನ ಮೆಟ್ಟಿಲಿಗೆ ಬಿತ್ತು. ಪುಣ್ಯಕ್ಕೆ ಗುಂಡು ಹಾರಲಿಲ್ಲ. ಆದರೆ ಗುಂಡು ತುಂಬುವ ಉರುಳೆ ಸಿಕ್ಕಿಕೊಂಡು ತಿರುಗದಾಯಿತು. ರಿಪೇರಿ ಮಾಡಿಸಿಕೊಂಡು ಬನ್ನಿ, ಅಲ್ಲಿಯವರೆಗೆ ನಿಮ್ಮ ಜಾಗ ಹಾಗೇ ಇರುತ್ತದೆ ಎಂದು ಕಂಪನಿಯವರು ಮನೆಗೆ ಕಳಿಸಿದರು.

ಕಾಕಾ ಸಿಟ್ಟಿನಲ್ಲಿ ನನ್ನ ಅಂಗಡಿಗೆ ಬಂದರು. "ಹಿಡಿಕಿ ನುಣ್ಣಗ ಮಾಡ್ಯಾರ, ಜಾರತೈತಿ. ಮಾಡಿದವ್ರದ ತಪ್ಪು. ಅವರಿಗೆ ಬರಿ ತಂಗೀ, ಛಲೋತ್ನ್ಯಾಗ ಬೈದು ಬರಿ."

ರಿವಾಲ್ವರ್ ತಯಾರಿಸಿದ ಕಾರ್ಖಾನೆ ಉತ್ತರದಲ್ಲೆಲ್ಲೋ ಇತ್ತು. ಬೈಗುಳವನ್ನು ತೆಗೆದು, ಫೋಟೋ ಸೇರಿಸಿ, ನನ್ನ ನಂಬರು ಕೊಟ್ಟು ಈಮೇಲ್ ಕಳಿಸಿದೆ. ಇಂಥ ದೂರುಗಳ ಗತಿ ನನಗೆ ಗೊತ್ತು. ದಿನಾ ಜನರ ಹೆಸರಿನಲ್ಲಿ ಅವನ್ನು ಕಳಿಸುವುದೇ ನನ್ನ ಹೊಟ್ಟೆಪಾಡು, ಉತ್ತರ ಬಂದದ್ದು ಕಂಡಿದ್ದೇ ಕಡಿಮೆ. ಇದಕ್ಕೆ ಮಾರನೆಯ ದಿನವೇ ಬಂತು. ಯಾವ ಕಾಗದ ಬೇಕು, ಪೊಲೀಸರ ಅನುಮತಿ ಹೇಗೆ, ಹುಬ್ಬಳ್ಳಿಯ ಯಾವ ಲೈಸೆನ್ಸುದಾರರ ಅಂಗಡಿಯ ಮೂಲಕ ಕಳಿಸಬೇಕು, ಎಲ್ಲ ಬಿಡಿಸಿ ಬರೆದಿದ್ದರು. ಕಳಿಸಿದೆವು.

ಒಂದು ಸಂಜೆ ಕಾರ್ಖಾನೆಯಿಂದ ಫೋನು ಬಂತು. ಕಾಕಾ ಸ್ಟೂಲಿನ ಮೇಲೇ ಇದ್ದರು, ಸ್ಪೀಕರ್ ಹಾಕಿದೆ. ಹೆಚ್ಚು ವಯಸ್ಸಿಲ್ಲದ ದನಿ, ಹಿಂದಿಯಲ್ಲಿ. ರಿಪೇರಿ ವಿಭಾಗದವನು, ತಾನೇ ಬಿಚ್ಚಿ ನೋಡಿದ್ದೇನೆ ಎಂದ. ಉರುಳೆ ಸರಿಯಾಗುತ್ತದೆ, ಬಾಗಿದ ಭಾಗ ಬದಲಿಸುತ್ತೇವೆ, ಗ್ಯಾರಂಟಿ ಮುಗಿದಿದ್ದರೂ ದುಡ್ಡು ಬೇಡ ಎಂದ. ಆಮೇಲೆ ಕಾಕಾನಿಗೇ ಹೇಳಿದ.

"ಸಾಹೇಬರೇ, ತಪ್ಪು ತಿಳಿಯಬೇಡಿ. ಇದು ಒಂದು ಸಲ ಬಿದ್ದ ಪೆಟ್ಟಲ್ಲ. ಕೆಲವು ಪೆಟ್ಟುಗಳೊಳಗೆ ಹಳೆಯ ಎಣ್ಣೆಯ ಕೊಳೆ ಕೂತಿದೆ. ನಿಮ್ಮ ಕೈ ಹೇಗಿದೆ?"

ಕಾಕಾ ಬಲಗೈ ಹೆಬ್ಬೆರಳನ್ನು ಎಡಗೈ ಮುಷ್ಟಿಯೊಳಗೆ ಮುಚ್ಚಿಕೊಂಡರು. ಚೆನ್ನಾಗಿದೆ ಎಂದು ತಮ್ಮ ಸೈನ್ಯದ ಹಿಂದಿಯಲ್ಲಿ ಗದರಿದರು.

"ಇರಲಿ. ಆದರೂ ದಪ್ಪನೆಯ ರಬ್ಬರಿನ ಹಿಡಿಕೆ ಹಾಕುತ್ತೇನೆ, ಬೆರಳು ಕೂರುವುದಕ್ಕೆ ತಗ್ಗುಗಳಿರುವಂಥದ್ದು. ನಮ್ಮ ತಂದೆಯ ಕೈಯೂ ಹೀಗೇ ಆಗಿತ್ತು. ಅವರ ಚಮಚಕ್ಕೆ ಇಂಥದ್ದೇ ಹಾಕಿಕೊಟ್ಟಿದ್ದೆ. ಒಮ್ಮೆ ಡಾಕ್ಟರಿಗೆ ತೋರಿಸಿ, ಸಾಹೇಬರೇ."

ಫೋನು ಇಟ್ಟ ಮೇಲೆ ಕಾಕಾ ಕೂಗಾಡಿದರು. "ಬಂದೂಕ ರಿಪೇರಿ ಮಾಡಪಾ ಅಂದ್ರ ನನ್ನ ಕೈ ರಿಪೇರಿ ಮಾಡಾಕ ಬಂದಾನ!" ಶಟರ್ ಇಳಿಸುವ ಹೊತ್ತಿಗೆ ದನಿ ಇಳಿದಿತ್ತು. "ಛಲೋ ಹುಡುಗ ಅದಾನ. ಇಷ್ಟ್ ದಿನಾ ಈ ಕೈ ಹೆಂಗೈತಿ ಅಂತ ಕೇಳಿದಾಂವ ಅವನೊಬ್ಬನ."

ರಿವಾಲ್ವರ್ ಹೊಸದರಂತೆ ಬಂತು. ಹಳೆಯ ಹಿಡಿಕೆಯ ಎರಡು ಕಟ್ಟಿಗೆ ತುಂಡುಗಳನ್ನೂ ಎಸೆಯದೆ, ಒರೆಸಿ, ಸಣ್ಣ ಚೀಲದಲ್ಲಿ ಹಾಕಿ ಕಳಿಸಿದ್ದರು. ಕಾಕಾ ಮಂಚದ ಮೇಲೆ ಕೂತು ಗುಂಡಿಲ್ಲವೆಂದು ಮತ್ತೆ ಮತ್ತೆ ನೋಡಿಕೊಂಡು ಎಡಗೈಯಿಂದ ಉರುಳೆ ತಿರುಗಿಸಿದರು. ಎಣ್ಣೆ ಹಚ್ಚಿದ ಬಾಗಿಲಿನ ಹಾಗೆ ತಿರುಗಿತು. ಕಾಕು ದೇವರಿಗೆ ಕೈಮುಗಿದರು. ಕಾಕಾ ಬಲಗೈಯಲ್ಲಿ ಹಿಡಿದರು. ತಗ್ಗುಗಳಲ್ಲಿ ಬೆರಳು ನೆಟ್ಟಗೆ ಕೂತವು. ಕೈ ಎತ್ತಿದರು. ಮೊದಲು ಮಣಿಕಟ್ಟು ನಡುಗಿತು, ಆಮೇಲೆ ಇಡೀ ತೋಳು, ರಿವಾಲ್ವರ್ ಕೌದಿಯ ಮೇಲೆ ಬಿತ್ತು. ಮತ್ತೆ ಎತ್ತಿದರು. ಮತ್ತೆ ಬಿತ್ತು.

"ಹೊಸಾದೈತ್ರಿ, ರೂಢಿ ಆಗಬೇಕು" ಎಂದರು ಕಾಕು.

ಕಾಕಾ ತಲೆಯಾಡಿಸಿದರು. "ಇದು ಬರೊಬ್ಬರಿ ಐತಿ. ಇಷ್ಟ್ ದಿನಾ ತಪ್ಪೆಲ್ಲಾ ಇದರ ಮ್ಯಾಲೇ ಹಾಕ್ಕೋಂತ ಬಂದೆ. ಇನ್ನ ಯಾರ ಮ್ಯಾಲೆ ಹಾಕ್ಲಿ?"

ಆ ಕಾರ್ಖಾನೆಯವರು ಸ್ವಲ್ಪ ಕೆಟ್ಟದಾಗಿ ಕೆಲಸ ಮಾಡಿದ್ದರೆ, ತಿಂಗಳುಗಟ್ಟಲೆ ಸತಾಯಿಸಿದ್ದರೆ ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಿತು. ಕಾಕಾ ಇನ್ನಷ್ಟು ದಿನ ಅವರನ್ನು ಬೈದುಕೊಂಡು ಗನ್‌ಮ್ಯಾನ್ ಆಗಿಯೇ ಇರುತ್ತಿದ್ದರು. ಅಷ್ಟೊಂದು ಒಳ್ಳೆಯತನಕ್ಕೆ ಎದುರು ನಿಂತು ಸುಳ್ಳು ಹೇಳುವುದು ಅವರಿಂದ ಆಗಲಿಲ್ಲ. ಮಾರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಕಂಪನಿಗೆ ಹೋಗಿ, ಬೇರೆಯವರನ್ನು ನೋಡಿಕೊಳ್ಳಿ ಎಂದು ತಾವೇ ಹೇಳಿ ಬಂದರು. ದಾರಿಯಲ್ಲಿ ರಿವಾಲ್ವರನ್ನು ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿದರು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ನರದ ರೋಗ, ವಾಸಿಯಾಗುವುದಲ್ಲ, ಗುಳಿಗೆ ತಗೊಂಡರೆ ನಿಧಾನವಾಗುತ್ತದೆ ಎಂದು ಡಾಕ್ಟರು ಕಂಪ್ಯೂಟರ್ ನೋಡುತ್ತಲೇ ಹೇಳಿ ಮುಂದಿನ ನಂಬರು ಕರೆದರು. ಬಸ್ಸಿನಲ್ಲಿ ಕಾಕಾ ಒಂದೇ ಮಾತಾಡಿದರು. "ಆ ಹುಡುಗ ಫೋನಿನ್ಯಾಗ ನನ್ನ ಮಾರಿ ನೋಡಿದ್ದ ನೋಡವಾ."

ಗುಳಿಗೆಯಿಂದ ಏನೂ ನಿಧಾನವಾಗಲಿಲ್ಲ. ಕೆಲವು ದಿನ ಅಂಗಡಿಗೆ ಬಂದರು, ಆದರೆ ಬಾಗಿಲ ಮುಂದೆ ಕೂರಲಿಲ್ಲ. ಒಳಗೆ, ಜೆರಾಕ್ಸ್ ಯಂತ್ರದ ಹಿಂದೆ, ಹೊರಗಿನವರಿಗೆ ಕಾಣದ ಹಾಗೆ ಕೂರುತ್ತಿದ್ದರು. ಹಳೆಯ ಹಿಡಿಕೆಯ ಒಂದು ತುಂಡು ಅಂಗಿಯ ಕಿಸೆಯಲ್ಲಿರುತ್ತಿತ್ತು. ಅದನ್ನು ಕೈಗೆ ತೆಗೆದುಕೊಂಡರೆ ಹೆಬ್ಬೆರಳಿಗೆ ತಿಕ್ಕಲು ಏನೋ ಸಿಕ್ಕಂತಾಗುತ್ತಿತ್ತು. ಆಮೇಲೆ ಬರುವುದೇ ನಿಂತಿತು. ಕಾಕು ತುತ್ತು ಮಾಡಿ ಉಣಿಸಬೇಕಾಯಿತು. ಅದನ್ನು ನಾನು ನೋಡಬಾರದೆಂದು ಅವರು ಗೋಡೆಯ ಕಡೆ ತಿರುಗುತ್ತಿದ್ದರು. ಬಚ್ಚಲಲ್ಲಿ ಬಿದ್ದು ಹಾಸಿಗೆ ಹಿಡಿದವರು ಏಳಲೇ ಇಲ್ಲ.

ಅವರ ಹುಟ್ಟೂರು ಇಂದೂರಿನಲ್ಲಿ ಮಣ್ಣು ಮಾಡಿದೆವು. ಆ ಕೈ ಕೊನೆಗೂ ಸುಮ್ಮನಿತ್ತು. ಕಾಕು ಹಳೆಯ ಹಿಡಿಕೆಯ ಆ ಕಟ್ಟಿಗೆ ತುಂಡನ್ನು ಅದರೊಳಗಿಟ್ಟು ಬೆರಳು ಮಡಚಿದರು. "ಖಾಲಿ ಕೈ ಬ್ಯಾಡ. ಆಡಸಾಕ ಏನರೆ ಬೇಕು ಅವರಿಗೆ."

ಮೊನ್ನೆ ಸಂಜೆ ಮತ್ತೆ ಆ ನಂಬರಿನಿಂದ ಫೋನು ಬಂತು. ಅದೇ ದನಿ. ರಿಪೇರಿ ಮಾಡಿದ ಪ್ರತಿಯೊಂದನ್ನೂ ವರ್ಷವಾದ ಮೇಲೆ ವಿಚಾರಿಸುತ್ತೇವೆ ಎಂದ. ತೊಂದರೆ ಏನೂ ಇಲ್ಲವಲ್ಲ? ಸಾಹೇಬರ ಕೈ ಹೇಗಿದೆ?

ಹೇಳಿದೆ. "ಆ ಹಿಡಿಕೆ ಸ್ವಲ್ಪವಾದರೂ ಉಪಯೋಗಕ್ಕೆ ಬಂತೇ?" ಎಂದು ಕೇಳಿದ.

ಹೌದು ಎನ್ನಬಹುದಿತ್ತು. ಕಾಕಾನೇ ಯಾರ ಮುಂದೆ ಸುಳ್ಳು ಹೇಳಲಾರದೆ ಹೋದರೋ ಅವನಿಗೆ ನಾನು ಹೇಗೆ ಹೇಳಲಿ? "ಇಲ್ಲ ಸರ್. ಹೊಸದನ್ನು ಅವರಿಗೆ ಹಿಡಿಯಲಾಗಲಿಲ್ಲ. ಹಳೆಯದನ್ನು ಎಸೆಯದೆ ಕಳಿಸಿದಿರಲ್ಲ, ಅದು ಅವರ ಕೈಯಲ್ಲೇ ಮಣ್ಣಿಗೆ ಹೋಯಿತು" ಎಂದೆ.

ದೂರು ಮುಗಿಯಿತೆಂದು ಬರೆದುಕೊಳ್ಳಲೇ ಎಂದು ಕೇಳಿದ. ಅದು ಅವನ ಕೆಲಸ, ಕೇಳಲೇಬೇಕು. ಬರೆದುಕೊಳ್ಳಿ ಎಂದೆ.

ಫೋನು ಇಟ್ಟೆ. ಎದುರಿನ ಕಟ್ಟೆಯ ಮೇಲಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿ ನಕ್ಕರು. ಇನ್ನೂ ಕತ್ತಲಾಗಿರಲಿಲ್ಲ. ಈಗಲೂ ಬಾಗಿಲ ಮುಂದೆ ಇಡುತ್ತಿದ್ದ ಖಾಲಿ ಸ್ಟೂಲನ್ನು ನಾನು ಒಳಗೆಳೆದುಕೊಂಡು ಶಟರ್ ಇಳಿಸಿದೆ.