ನಾಲ್ವರೂ ಬೋರ್ಡಿಗೆ ಬರುವ ಊರು

ತರಗತಿಯ ಚಾವಣಿಯ ಗಾರೆ ಕಳಚಿ ಬೆಂಚಿನ ಮೇಲೆ ಬಿದ್ದಾಗ ಯಾರೂ ಕಿರುಚಲಿಲ್ಲ. ಧೂಳಿನೊಳಗಿಂದ ಹುಡುಗನೊಬ್ಬನ ದನಿ ಬಂತು: “ಮೇಡಂ, ಬೋರ್ಡ್ ಅಳಸಬ್ಯಾಡ್ರಿ, ಇನ್ನೂ ಬರಕೊಂಡಿಲ್ಲ.”

ನಾನು ಗಣಿತ ಕಲಿಸಲು ಮೈಸೂರಿನಿಂದ ಸವಣೂರಿನ ಈ ಕಾಲೇಜಿಗೆ ಬಂದು ಇನ್ನೂ ವರ್ಷವಾಗಿಲ್ಲ. ಎಲೆತೋಟದ ಪಕ್ಕ ಒಂದು ಬಾಡಿಗೆ ಕೋಣೆ ಸಿಕ್ಕಿತು. ಇಲ್ಲಿ ಖಾರ ಎಂದರೆ ಮೆಣಸಿನ ಪುಡಿಯಲ್ಲ, ನಮ್ಮ ಕಡೆ ಮಿಕ್ಸ್ಚರ್ ಎನ್ನುವ ತಿಂಡಿ. ಕಡಕ್ ರೊಟ್ಟಿಗೆ ನನ್ನ ದವಡೆ ನೋಯುತ್ತಿತ್ತು. “ಹಾಲಾಗ ನೆನಸಿ ತಿನ್ರಿ, ಕೂಸಿಗೆ ಕೊಟ್ಟಂಗ,” ಎಂದು ಮನೆಯ ಒಡತಿ ನಗುತ್ತಿದ್ದರು.

ಮೈಸೂರಿನಲ್ಲಿ ನಾವು ಲೆಕ್ಕ ಮಾಡಿದ್ದು ಪಕ್ಕದವರಿಗೆ ಕಾಣದಂತೆ ಕೈ ಅಡ್ಡ ಇಟ್ಟುಕೊಂಡು. ಹಾಗಾಗಬಾರದೆಂದು ಇಲ್ಲಿ ಹಾಜರಿ ಸಂಖ್ಯೆಯ ಪ್ರಕಾರ ಗುಂಪು ಮಾಡಿದೆ. ಮರುದಿನ ಅವರು ತಂತಮ್ಮ ಬಸ್ಸಿನ ಪ್ರಕಾರ ಕುಳಿತಿದ್ದರು: ಹಾನಗಲ್ಲಿನವರು ಬಾಗಿಲ ಹತ್ತಿರ, ಬಂಕಾಪುರದ ನಾಲ್ವರು ಹುಡುಗಿಯರು ಕಿಟಕಿಯ ಬಳಿ. “ಇಲ್ಲಿ ಮುಗೀಲಿಲ್ಲಂದ್ರ ಬಸ್ಸಿನ್ಯಾಗ ಮುಗಸ್ತೇವ್ರಿ,” ಎಂದರು. ಹಾಗೇ ಕೂರಲು ಬಿಟ್ಟೆ. ಉತ್ತರ ಹೇಳದೆ, ಯಾಕೆ ಎಂದಷ್ಟೇ ಕೇಳುತ್ತ ಗುಂಪಿನಿಂದ ಗುಂಪಿಗೆ ಓಡಾಡುತ್ತಿದ್ದೆ. “ಮೇಡಂಗೂ ಬರಂಗಿಲ್ಲ ಕಾಣಸ್ತದ,” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟುತ್ತಿದ್ದರು. ಒಬ್ಬರು ಬಂದು ವಿವರಿಸಿ ಎಂದರೆ ಇಡೀ ಗುಂಪೇ ಬೋರ್ಡಿಗೆ ಬರುತ್ತಿತ್ತು.

ಗಾರೆ ಬಿದ್ದ ದಿನ ಬಂಕಾಪುರದ ಗುಂಪಿನ ರೇಣವ್ವನ ಸರದಿ. ತರಗತಿಯಲ್ಲಿ ಎಂದೂ ಬಾಯಿ ಬಿಡದವಳು. “ನೀನೊಬ್ಬಳೇ ಬಾ,” ಎಂದೆ.

“ಒಬ್ಬಾಕಿನ್ನ ಕರದ್ರ ಸೀಮೆಸುಣ್ಣ ನುಂಗತಾಳ್ರಿ,” ಎಂದಳು ಗೆಳತಿ ಶಾಹೀನ್. ನಾಲ್ವರೂ ಎದ್ದು ಬಂದರು. ರೇಣವ್ವ ಎರಡನೆಯ ಸಾಲು ಬರೆಯುತ್ತಿದ್ದಾಗ, ಅವರು ಬಿಟ್ಟು ಬಂದ ಬೆಂಚು ಗಾರೆಯ ಭಾರಕ್ಕೆ ಮುರಿಯಿತು.

ನಾನು ಹೇಳಿದಂತೆ ರೇಣವ್ವ ಒಬ್ಬಳೇ ಬಂದಿದ್ದರೆ? ನನ್ನ ಮನಸ್ಸು ಆ ಬೆಂಚಿನ ಮೇಲೆ ಉಳಿದ ಮೂವರನ್ನು ಮತ್ತೆ ಮತ್ತೆ ಕೂರಿಸುತ್ತದೆ. ಅಳು ಬರುವುದಿಲ್ಲ. ಹಸಿವೂ ಆಗುವುದಿಲ್ಲ.

ತರಗತಿ ವರಾಂಡಕ್ಕೆ ಬಂತು. ಎಲ್ಲರನ್ನೂ ಸಾಲಾಗಿ ಕೂರಿಸಿ, ಬೆನ್ನು ತಿರುಗಿಸಿ ಬೋರ್ಡ್ ತುಂಬಿಸತೊಡಗಿದೆ. ರೇಣವ್ವ ಬರಲಿಲ್ಲ, ಅವಳಪ್ಪ ಕಾಲೇಜು ಬಿಡಿಸುತ್ತಾರೆಂದು ತಿಳಿಯಿತು. ಉಳಿದ ಮೂವರು ನನ್ನನ್ನು ತಮ್ಮ ಬಸ್ಸಿಗೆ ಹತ್ತಿಸಿಕೊಂಡು ಅವಳ ಮನೆಗೆ ಕರೆದೊಯ್ದರು.

“ಈಗ ವರಾಂಡದಲ್ಲಿ ಪಾಠ. ಮೇಲೆ ತಗಡು, ಗಾರೆಯಲ್ಲ,” ಎಂದೆ.

“ತಗಡಿಂದು ಬಿಡ್ರಿ,” ಎಂದರು ಅವಳಪ್ಪ. “ಹಿಂದಿನ ಮೇಡಂ ನಡುವ ಬಿಟ್ಟು ಹೋದ್ರು. ನೀವೂ ಹೊಂಟ್ರ ಇಕಿ ಯಾರ ಮಕಾ ನೋಡಿ ಬರಬೇಕ್ರಿ?”

ಕೋಣೆಯಲ್ಲಿ ನನ್ನ ಚೀಲ ಅರ್ಧ ತುಂಬಿದ್ದು ಅವರಿಗೆ ತಿಳಿಯದು. ಬಾಗಿಲ ಮರೆಯಲ್ಲಿ ರೇಣವ್ವ ನಿಂತಿದ್ದಳು.

“ಇರ್ತೇನ್ರಿ,” ಎಂದೆ.

ಮರುದಿನ ನಾಲ್ವರೂ ಬಂದು, ನನ್ನನ್ನು ಕೇಳದೆಯೇ ಬೆಂಚುಗಳನ್ನು ಎದುರುಬದುರು ಎಳೆದುಕೊಂಡರು. ಸಂಜೆ ಮೈಸೂರಿನಿಂದ ಅಮ್ಮ ಫೋನ್ ಮಾಡಿ ಯಾವಾಗ ಬರ್ತೀಯ ಎಂದಳು. ರಜೆಗೆ ಎಂದೆ.

“ನೆಂಟರ ಥರ ಬಂದು ಹೋಗ್ತೀಯ ಅನ್ನು.”

ಅಲ್ಲಿಗೆ ಇನ್ನು ನಾನು ನೆಂಟಳೇ. ಇಲ್ಲಿಯೂ ಯಾರೂ ನನ್ನನ್ನು ಈ ಊರಿನವಳು ಎನ್ನುವುದಿಲ್ಲ. ಹೋಗಬ್ಯಾಡ್ರಿ ಎನ್ನುತ್ತಾರೆ, ಅಷ್ಟೆ.