ಬುಂದಿಗೆ ಸ್ನಾನ ಮಾಡಿಸಿದ ದಿನ

ಈ ಘಟನೆಯನ್ನು ನಾನು ಹಲವರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಒಂದು ಮಾತು ತಪ್ಪದೆ ಬರುತ್ತಿತ್ತು: ‘ಪುಣ್ಯಕ್ಕೆ ಅವತ್ತು ಮಗಳು ಮನೆಯಲ್ಲಿರಲಿಲ್ಲ.’ ಆ ಮಾತು ನೆನಪಿನಿಂದ ಬರುತ್ತಿತ್ತೋ, ಹಾಗಿರಲಿ ಎಂಬ ಆಸೆಯಿಂದ ಬರುತ್ತಿತ್ತೋ, ಈಗ ಖಾತ್ರಿಯಿಲ್ಲ. ಉಳಿದದ್ದನ್ನಾದರೂ ನಡೆದಂತೆ ಬರೆಯಲು ಪ್ರಯತ್ನಿಸುತ್ತೇನೆ.

ಮೂರು ವರ್ಷದ ಹಿಂದಿನ ಬೇಸಿಗೆ ರಜೆ. ನಮ್ಮ ಮನೆ ಇರುವುದು ಮಸ್ಕಿಯಲ್ಲಿ. ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹೆಂಡತಿ ಶೈಲಾ ಸಿಂಧನೂರಿನ ಕಚೇರಿಯೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಮನೆಯಲ್ಲಿ ನನ್ನ ಅವ್ವ, ಐದು ವರ್ಷದ ಮಗಳು ಸಿರಿ, ಮತ್ತು ಬುಂದಿ. ಬುಂದಿ ಬೀದಿಯಿಂದ ಮರಿಯಾಗಿ ಬಂದ ನಾಯಿ. ಮೈಮೇಲೆಲ್ಲ ಬುಂದಿಕಾಳಿನಂಥ ಹಳದಿ ಚುಕ್ಕೆ ಇದ್ದದ್ದಕ್ಕೆ ಸಿರಿಯೇ ಆ ಹೆಸರಿಟ್ಟಿದ್ದಳು.

ಮೊದಲು ಸಿರಿಯ ಪಾದದ ಸುತ್ತ ಕೆಂಪು ಗಂಟುಗಳೆದ್ದವು. ಸೊಳ್ಳೆ ಎಂದುಕೊಂಡೆವು. ಒಂದು ದಿನ ಬಿಳಿ ಕಾಲುಚೀಲ ಹಾಕಿಕೊಂಡು ಪಡಸಾಲೆಯಲ್ಲಿ ಈ ಕಡೆಯಿಂದ ಆ ಕಡೆಗೆ ನಡೆದೆ. ಗೋಡೆ ಮುಟ್ಟುವುದರೊಳಗೆ ಕಾಲುಚೀಲದ ಮೇಲೆ ಕಪ್ಪು ಚುಕ್ಕೆಗಳು ಜಿಗಿಯುತ್ತಿದ್ದವು. ಚಿಗಟ.

ಪಶು ಆಸ್ಪತ್ರೆಯ ಡಾಕ್ಟರು ಬುಂದಿಯ ಕುತ್ತಿಗೆಗೆ ಹಾಕಲು ಹನಿ ಔಷಧ ಕೊಟ್ಟರು. “ನಾಯಿ ಮೈಮ್ಯಾಲ ಇರೋವು ಸ್ವಲ್ಪ ಸರ್. ತತ್ತಿ, ಮರಿ ಎಲ್ಲಾ ನಿಮ್ಮ ಮನ್ಯಾಗ ಅದಾವ. ಅದು ಮಲಗೋ ಹೊಟ್ಟಿನ ಚೀಲ ಸುಟ್ಟುಬಿಡ್ರಿ, ಕೌದಿ ಬಿಸಿನೀರಾಗ ಒಗೀರಿ, ಮೂಲಿ ಮೂಲಿ ದಿನಾ ಕಸ ಹೊಡೀರಿ. ಗೂಡಿನಾಗಿನವು ತಡಾ ಮಾಡಿ ಹೊರಗ ಬರ್ತಾವ. ಒಂದ್ ತಿಂಗಳು ಬಿಡಬ್ಯಾಡ್ರಿ,” ಎಂದರು.

ಹೊಟ್ಟಿನ ಚೀಲ ಸುಡುವುದೊಂದನ್ನು ಬಿಟ್ಟು ಉಳಿದದ್ದನ್ನು ಒಂಬತ್ತು ದಿನ ಮಾಡಿದೆ. ಹತ್ತನೆಯ ದಿನ ನನ್ನ ಬಿಳಿ ಲುಂಗಿಯ ಮೇಲೆ ಮತ್ತೆ ಎರಡು ಕಂಡವು.

ಅವ್ವ ನಕ್ಕಳು. “ಎಮ್ಮೆಸ್ಸಿ ಓದಿದಾಂವಗ ಒಂದ್ ಚಿಗಟ ಹಿಡಿಯಾಕ ಬರವಲ್ದು. ಬೇವಿನ ನೀರು ಹಾಕು ಅಂದ್ರ ನಗ್ತಿದ್ದಿ, ಈಗ ನಗು.”

ಶೈಲಾ ನಗಲಿಲ್ಲ. ಸಿರಿ ತುರಿಸಿಕೊಂಡ ಕಡೆ ಕೀವು ತುಂಬಿತ್ತು. “ಕೂಸಿನ ಕಾಲು ನೋಡ್ರಿ. ಈ ವಾರದಾಗ ಹೋಗಲಿಲ್ಲಂದ್ರ ನಾಯಿನ್ನ ಎಲ್ಯರ ಬಿಟ್ಟು ಬರ್ರಿ,” ಎಂದಳು. ಸಿರಿ ಅದನ್ನು ಕೇಳಿಸಿಕೊಂಡು ಹಸಿರು ಬಳೆಯ ಕೈಗಳಿಂದ ಬುಂದಿಯ ಕುತ್ತಿಗೆ ತಬ್ಬಿ ಕೂತುಬಿಟ್ಟಳು. ಊಟಕ್ಕೂ ಏಳಲಿಲ್ಲ.

ಶೈಲಾಳ ತವರು ಜವಳಗೇರಾ; ರಜೆಯಲ್ಲಿ ಅವಳೂ ಸಿರಿಯೂ ಆಗಾಗ ಅಲ್ಲಿ ಉಳಿಯುತ್ತಿದ್ದರು, ಮಾವನವರದು ಅಲ್ಲೇ ಭತ್ತದ ಗದ್ದೆ. ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೆ ‘ಎಣ್ಣಿ’ ಎನ್ನುತ್ತಾರೆ. ಹಂಗಾಮು ಮುಗಿದ ಮೇಲೂ ಪ್ರತಿ ಮನೆಯಲ್ಲಿ ಅರ್ಧ ಡಬ್ಬಿ ಉಳಿದೇ ಇರುತ್ತದೆ. ಗೆದ್ದಲಿಗೂ ಅದೇ, ಇರುವೆಗೂ ಅದೇ, ತಿಗಣೆಗೂ ಅದೇ. ಯಾರೂ ಅದನ್ನು ವಿಷವೆಂದು ನೋಡುವುದಿಲ್ಲ, ಮನೆಯಲ್ಲಿರುವ ಒಂದು ಸಾಮಾನು ಅಷ್ಟೆ. ನಾನು ಮಾವನ ಕೊಟ್ಟಿಗೆಯಿಂದ ಅಂಥ ಒಂದು ಡಬ್ಬಿ ತಂದೆ. ಅವರನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿದ್ದೇ ಕೇಳಲಿಲ್ಲವೇನೋ. ಡಬ್ಬಿಯ ಮೇಲೆ ತೀವ್ರ ವಿಷದ ಗುರುತಾದ ಹಳದಿ ತ್ರಿಕೋನವಿತ್ತು. ಅದರ ಅರ್ಥವನ್ನು ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ.

ಪ್ರಯೋಗಾಲಯದಲ್ಲಿ ಹನಿ ಲೆಕ್ಕದಲ್ಲಿ ಅಳೆಯುವ ನಾನು ಅವತ್ತು ಗದ್ದೆಯವರಂತೆ ಮುಚ್ಚಳದಲ್ಲಿ ಅಳೆದೆ. ಒಂದು ಮುಚ್ಚಳ ಬಕೆಟ್ಟಿಗೆ ಸುರಿದೆ. ಕಮ್ಮಿ ಅನ್ನಿಸಿತು, ಇನ್ನೊಂದು ಸುರಿದೆ.

ನನ್ನ ನೆನಪಿನಲ್ಲಿ ಹಿತ್ತಲ ನಲ್ಲಿಯ ಹತ್ತಿರ ನಾನೊಬ್ಬನೇ ಇದ್ದೇನೆ. ಬುಂದಿ ಮೈ ಕೊಡವುತ್ತಿದೆ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಏನಲೇ ಅದು ವಾಸನಿ?”

“ಔಷಧ ಬೇ.”

“ನೋಡ್ಕೊಂಡು ಮಾಡಪಾ.”

ಒಂದು ತಾಸಾಗಿರಬಹುದು. ಬುಂದಿಯ ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯತೊಡಗಿತು. ಹಿಂಗಾಲು ನಡುಗಿದವು. ಎದ್ದು ನನ್ನ ಕಡೆ ಬರಲು ನೋಡಿ ಕುಸಿದುಬಿಟ್ಟಿತು. ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ.

“ಏನ್ ಹಚ್ಚೀರಿ ಸರ್?” ಎಂದರು ಡಾಕ್ಟರು.

“ಬೇವಿನ ಸೋಪು,” ಎಂದೆ.

ಯಾಕೆ ಹಾಗಂದೆ? ಆಸ್ಪತ್ರೆಯ ಬಾಗಿಲಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕುರಿ ಹಿಡಿದುಕೊಂಡು ನಿಂತಿದ್ದ, ಅದಕ್ಕಿರಬೇಕು. ಅಥವಾ ಅವನನ್ನು ನಾನು ಆಮೇಲೆ ಕಾರಣಕ್ಕಾಗಿ ಅಲ್ಲಿ ತಂದು ನಿಲ್ಲಿಸಿರಲೂಬಹುದು. ಸುಳ್ಳು ಹೇಳಿದ್ದಂತೂ ನಿಜ. ಡಾಕ್ಟರು ಬೇರೆ ಯಾವುದೋ ಸೂಜಿಮದ್ದು ತಯಾರು ಮಾಡುತ್ತ ಬಗ್ಗಿದರು, ಬುಂದಿಯ ಕೂದಲು ಮೂಸಿ ನೋಡಿ ನೆಟ್ಟಗೆ ನಿಂತರು.

“ಇದು ಬೇವಿನ ವಾಸನಿ ಅಲ್ರಿ. ಗದ್ದಿ ವಾಸನಿ. ಯಾವ ಎಣ್ಣಿ, ಜಲ್ದಿ ಹೇಳ್ರಿ!”

ಹೇಳಿದೆ. ಅವರು ಸಿಟ್ಟಿನಿಂದಲೇ ಮದ್ದು ಬದಲಿಸಿ ಚುಚ್ಚಿದರು. ಇಬ್ಬರೂ ಸೇರಿ ಬುಂದಿಯ ಮೈ ತೊಳೆದೆವು. ಬುಂದಿಯ ಕಣ್ಣು ನನ್ನ ಮೇಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಕಲ್ಲಿನ ಮೇಜಿನ ಮೇಲೆಯೇ ಸತ್ತಿತು.

ಡಾಕ್ಟರು ಕೈ ಒರೆಸಿಕೊಳ್ಳುತ್ತ ಕೇಳಿದರು: “ನಿಮ್ಮ ಕೈ ಛಲೋ ತೊಳ್ಕೋರಿ. ಮನ್ಯಾಗ ಸಣ್ಣ ಹುಡುಗ್ರು ಮುಟ್ಟಿಲ್ಲಲ್ಲ?”

“ಇಲ್ರಿ. ಮಗಳು ಜವಳಗೇರಾದಾಗ ಅದಾಳ.”

ಬೇವಿನ ಸೋಪು ಎಂದ ಬಾಯಿಯೇ ಇದನ್ನೂ ಹೇಳಿತು. ಒಂದು ಸುಳ್ಳೆಂದು ಗೊತ್ತಿದೆ. ಇನ್ನೊಂದನ್ನು ನಾನು ನಂಬಿಕೊಂಡು ಬಂದೆ.

ಸಿರಿಗೆ ಬುಂದಿ ಜ್ವರ ಬಂದು ಸತ್ತಿತು ಎಂದೆವು. ಅವಳು ಅಳಲಿಲ್ಲ. “ಸ್ನಾನ ಮಾಡಿದ್ರ ಜ್ವರ ಬರ್ತಾವೇನ್ ಪಪ್ಪಾ?” ಎಂದು ಕೇಳಿದಳು. ಸ್ನಾನದ ವಿಷಯ ಅವಳಿಗೆ ಅವ್ವ ಹೇಳಿರಬೇಕು ಎಂದುಕೊಂಡೆ. ಆಮೇಲೆ ಎಷ್ಟೋ ದಿನ ತಲೆಗೆ ನೀರು ಹಾಕಲು ಹೋದರೆ ಬಚ್ಚಲಿನಿಂದ ಚೀರಿಕೊಂಡು ಓಡುತ್ತಿದ್ದಳು.

ಚಿಗಟ ಸಾಯಲಿಲ್ಲ. ನಾಲ್ಕನೆಯ ದಿನಕ್ಕೆ ಗೋಡೆಯ ಸಂದಿಯಿಂದ, ಕೌದಿಯ ಮಡಿಕೆಯಿಂದ ಎದ್ದು ಬಂದವು. ನಾಯಿ ಇರಲಿಲ್ಲವಾದ್ದರಿಂದ ನಮ್ಮನ್ನೇ ಕಚ್ಚಿದವು. ಆಗ ಡಾಕ್ಟರು ಮೊದಲ ದಿನ ಹೇಳಿದ್ದನ್ನೇ ಮಾಡಿದೆ. ಹೊಟ್ಟಿನ ಚೀಲ ಸುಟ್ಟೆ, ಹಾಸಿಗೆಯನ್ನೆಲ್ಲ ಕುದಿನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿದೆ, ದಿನಾ ಎರಡು ಹೊತ್ತು ಮೂಲೆಗಳನ್ನು ಗುಡಿಸಿ ಕಸ ಸುಟ್ಟೆ. ಅವರು ಹೇಳಿದಂತೆಯೇ ಒಂದು ತಿಂಗಳಿಗೆ ಹೋದವು. ಬುಂದಿ ಇದ್ದಿದ್ದರೂ ಅಷ್ಟೇ ದಿನ ಸಾಕಾಗುತ್ತಿತ್ತು. ಮನೆ ಸ್ವಚ್ಛವಾಗಿತ್ತು.

ಈ ಕಥೆ ಹೇಳುವಾಗ ಅವ್ವ ಹತ್ತಿರವಿದ್ದರೆ ತಡೆಯುತ್ತಿದ್ದಳು. “ಕೂಸು ಇಲ್ಲೇ ಇತ್ತಲೇ. ನೀ ನಾಯಿ ತಗೊಂಡು ಹೋದ ಮ್ಯಾಲ ಎರಡು ಸಲ ವಾಂತಿ ಮಾಡಿಕೊಂಡ್ತು. ನಾ ಮೈ ತೊಳದು ಮಲಗಿಸೀನಿ.”

“ಅದು ಬ್ಯಾರೆ ದಿನ ಬೇ. ಮಾವಿನಹಣ್ಣು ಜಾಸ್ತಿ ತಿಂದಿದ್ಲು. ನಿನಗ ವಯಸ್ಸಾಗೇತಿ, ಒಂದಕ್ಕೊಂದು ಕಲಸ್ತಿ.”

“ನನಗ ವಯಸ್ಸಾಗೇತಿ, ಖರೆ. ನಿನಗೇನಾಗೇತಿ?”

ಶೈಲಾಳನ್ನು ಕೇಳಿದರೆ, ಅವತ್ತು ತಾನು ಸಿಂಧನೂರಿನಿಂದ ಬರುವಾಗ ಸಿರಿ ಮಲಗಿದ್ದಳು ಎನ್ನುತ್ತಾಳೆ. ಎಲ್ಲಿ ಮಲಗಿದ್ದಳು, ಇಲ್ಲೋ ಜವಳಗೇರಾದಲ್ಲೋ ಎಂದು ನಾನು ಮುಂದೆ ಕೇಳಲಿಲ್ಲ. ಸಿರಿ ಈಗ ಮೂರನೆಯ ತರಗತಿ. ಆರೋಗ್ಯವಾಗಿದ್ದಾಳೆ. ಅವಳನ್ನಂತೂ ಕೇಳುವ ಧೈರ್ಯ ನನಗಿಲ್ಲ.

ಕಳೆದ ತಿಂಗಳು ಯಾವುದೋ ಕಾಗದದ ಪ್ರತಿ ಹುಡುಕಲೆಂದು ಗಾಜು ಒಡೆದ ಹಳೆಯ ಮೊಬೈಲಿಗೆ ಚಾರ್ಜ್ ಹಾಕಿದೆ. ಅದರಲ್ಲಿ ಒಂದು ಫೋಟೊ ಇತ್ತು. ಶೈಲಾಗೆ ಕಳಿಸಲೆಂದು ತೆಗೆದು ಕಳಿಸದೆ ಬಿಟ್ಟದ್ದಿರಬೇಕು. ಪಶು ಆಸ್ಪತ್ರೆಯ ಚೀಟಿ ಇನ್ನೂ ನನ್ನ ಹತ್ತಿರವಿದೆ. ಎರಡರ ದಿನಾಂಕವನ್ನೂ ಪಕ್ಕದಲ್ಲಿಟ್ಟುಕೊಂಡು ಮೂರು ಸಲ ನೋಡಿದೆ. ಒಂದೇ ದಿನ. ಫೋಟೊದಲ್ಲಿ ನೀಲಿ ಬಕೆಟ್ಟು, ಬುಂದಿಯ ತೊಯ್ದ ಬೆನ್ನು, ಅದನ್ನು ಹಿಡಿದ ನನ್ನ ಎಡಗೈ ಇವೆ. ಪಕ್ಕದಲ್ಲಿ, ಬಕೆಟ್ಟಿನ ನೀರಿನಲ್ಲಿ ಮೊಣಕೈಯವರೆಗೆ ಮುಳುಗಿದ, ಹಸಿರು ಬಳೆ ಹಾಕಿದ ಒಂದು ಸಣ್ಣ ಕೈ ಇದೆ.